5 ಪೈಸೆಗಿದ್ದ ಲೆಕ್ಕ ಈಗ ಯಾಕಿಲ್ಲ?

ಆರು ಜನ. 2024ರ ನವೆಂಬರ್‌ನಲ್ಲಿ ಚಿತ್ರದುರ್ಗ ನಗರದ ಪೊಲೀಸರು ಹೊಳಲ್ಕೆರೆ ರಸ್ತೆ ಕಡೆ, ಗಾರ್ಮೆಂಟ್ಸ್ ಇರುವ ಜಾಗದಲ್ಲಿ ಅನುಮಾನದ ಮೇಲೆ ಕೆಲವರ ಕಾಗದಪತ್ರ ತಪಾಸಣೆ ಮಾಡಿದರು. ಆರು ಮಂದಿ ಬಾಂಗ್ಲಾದೇಶದವರು ಅಂತ ಗೊತ್ತಾಯಿತು. ಕೋಲ್ಕತ್ತಾದಲ್ಲಿ ಮಾಡಿಸಿಕೊಂಡ ನಕಲಿ ದಾಖಲೆಗಳ ಒಂದು ಕಟ್ಟೇ ಇತ್ತು. ಆಧಾರ್, ವೋಟರ್ ಐಡಿ, ಲೇಬರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಪ್ಯಾನ್ ಎಲ್ಲವೂ. ಕೆಲಸ ಹುಡುಕಿಕೊಂಡು ದುರ್ಗಕ್ಕೆ ಬಂದಿದ್ದರು.

ನಮ್ಮ ನ್ಯೂಸ್ ರೂಮಿನಲ್ಲಿ ಆವತ್ತು ಜಾತ್ರೆ. ‘ಕೋಟೆ ನಾಡಿಗೂ ನುಗ್ಗಿದ ಬಾಂಗ್ಲಾ ನುಸುಳುಕೋರರು’ ಅಂತ ಬ್ರೇಕಿಂಗ್ ಪಟ್ಟಿ ಓಡಿತು. ರಾತ್ರಿ 9ಕ್ಕೆ ಡಿಬೇಟ್. ಅತಿಥಿಗಳಲ್ಲಿ ಒಬ್ಬರು, ‘ರಾಜ್ಯದ ತೆರಿಗೆದಾರರ ಸಾವಿರಾರು ಕೋಟಿ ಇವರ ಪಾಲಾಗ್ತಿದೆ’ ಅಂದರು. ಇನ್ನೊಬ್ಬರು, ‘ಒಂದು ರೂಪಾಯಿನೂ ಇಲ್ಲ, ಅವರೇ ನಮಗೆ ದುಡಿದು ಹಾಕ್ತಿದ್ದಾರೆ’ ಅಂದರು. ನಡುವೆ ಕೂತಿದ್ದ ನಾನೇನು ಮಾಡಿದೆ ಗೊತ್ತಾ? ಮೊದಲನೆಯವರ ಅಂಕಿಯನ್ನೇ ಎತ್ತಿಕೊಂಡು ಎರಡನೆಯವರ ಮುಖಕ್ಕೆ ಹಿಡಿದೆ. ಸ್ಕ್ರೀನ್ ಮೇಲೂ ಅದೇ ದೊಡ್ಡಕ್ಷರದಲ್ಲಿ ಬಂತು. ಆ ಅಂಕಿ ಎಲ್ಲಿಂದ ಬಂತು ಸ್ವಾಮಿ ಅಂತ ಕೇಳಬೇಕಾದವನು ನಾನು. ಕೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹೊಸದುರ್ಗದಿಂದ ಒಬ್ಬ ಹಿರಿಯರು ಫೋನ್ ಮಾಡಿದರು. ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಬೈಯಲಿಲ್ಲ. ತಣ್ಣಗೆ ಹೇಳಿದರು: ‘ಸಾರ್, 71ನೇ ಇಸವಿಯಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಕವರ್ ಮೇಲೆ ಮಾಮೂಲಿ ಸ್ಟಾಂಪಿನ ಜೊತೆಗೆ 5 ಪೈಸೆದು ಇನ್ನೊಂದು ಹಚ್ಚಬೇಕಾಗಿತ್ತು, ನಿರಾಶ್ರಿತರಿಗೆ ಅಂತ. ಜನ ಗೊಣಗೋರು, ಆದ್ರೂ ಕೊಡೋರು. ಎಷ್ಟು ಕೊಟ್ವಿ, ಯಾತಕ್ಕೆ ಕೊಟ್ವಿ ಅಂತ ಎಲ್ಲರಿಗೂ ಗೊತ್ತಿತ್ತು. ನೀವು ರಾತ್ರಿ ಸಾವಿರಾರು ಕೋಟಿ ಅಂದ್ರಲ್ಲ, ಅದರ ಸ್ಟಾಂಪ್ ಎಲ್ಲಿದೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಅವರಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲು ಅವರು ಹೇಳಿದ ಆ 5 ಪೈಸೆ ಕಥೆ ನೋಡೋಣ. 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾದಲ್ಲಿ ನರಮೇಧ ಶುರು ಮಾಡಿತು. ಅಲ್ಲಿಂದ ಜನ ಗಡಿ ದಾಟಿ ಬರತೊಡಗಿದರು. ಆ ವರ್ಷದ ಕೊನೆ ಹೊತ್ತಿಗೆ ಬಂದವರ ಸಂಖ್ಯೆ ಹತ್ತಿರ ಹತ್ತಿರ 1 ಕೋಟಿ. ಅವರಿಗೆ ಅನ್ನ, ಡೇರೆ, ಕಾಲರಾ ಔಷಧ ಎಲ್ಲ ಕೊಡಬೇಕು. ಇಂದಿರಾ ಗಾಂಧಿ ಸರ್ಕಾರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಗಳನ್ನು ತಂದು ಅಂಚೆ ಮೇಲೆ, ರೈಲು ಟಿಕೆಟ್ ಮೇಲೆ, ವಿಮಾನ ಪ್ರಯಾಣದ ಮೇಲೆ ಹೊಸ ತೆರಿಗೆ ಹಾಕಿತು. ನವೆಂಬರ್ 15ರಿಂದ ಅಂಚೆ ತೆರಿಗೆ ಜಾರಿ. ಹೊಸ ಸ್ಟಾಂಪ್ ಅಚ್ಚಾಗುವಷ್ಟು ಪುರಸೊತ್ತಿರಲಿಲ್ಲ. ಹಾಗಾಗಿ ಕುಟುಂಬ ಯೋಜನೆ ಪ್ರಚಾರಕ್ಕೆ ಅಂತ ಇದ್ದ 5 ಪೈಸೆ ಸ್ಟಾಂಪಿನ ಮೇಲೇ ‘ರೆಫ್ಯೂಜಿ ರಿಲೀಫ್’ ಅಂತ ಮುದ್ರೆ ಒತ್ತಿ ಹಂಚಿದರು. ಕೆಲವು ಊರುಗಳಲ್ಲಿ ರಬ್ಬರ್ ಸ್ಟಾಂಪಿನಲ್ಲೇ ಒತ್ತಿದ್ದರು. ಅಂಚೆಚೀಟಿ ಸಂಗ್ರಹಿಸುವವರಿಗೆ ಇವತ್ತು ಅದು ಚಿನ್ನ. ಹಿರಿಯೂರಿನ ರೈತ ಬೆಂಗಳೂರಲ್ಲಿ ಓದುವ ಮಗನಿಗೆ ಕವರ್ ಹಾಕಿದರೂ ಅದರ ಮೂಲೆಯಲ್ಲಿ ಅಗರ್ತಲಾದ ಕ್ಯಾಂಪಿನ ಗಂಜಿಗೆ 5 ಪೈಸೆ ಇರುತ್ತಿತ್ತು.

ಡಿಸೆಂಬರ್ 16ಕ್ಕೆ ಯುದ್ಧ ಮುಗಿಯಿತು. 1972ರ ಮೊದಲ ತಿಂಗಳುಗಳಲ್ಲಿ ಬಹುಪಾಲು ನಿರಾಶ್ರಿತರು ವಾಪಸ್ ಹೋದರು. 1973ರಲ್ಲಿ ಆ ತೆರಿಗೆಯೂ ಹೋಯಿತು. ಬಂದಿದ್ದಕ್ಕೂ ಲೆಕ್ಕ, ಹೋಗಿದ್ದಕ್ಕೂ ಲೆಕ್ಕ.

ಇದಕ್ಕೂ ಹತ್ತು ವರ್ಷ ಮೊದಲು ನಮ್ಮ ರಾಜ್ಯದ ಬಾಗಿಲಿಗೇ ಇನ್ನೊಂದು ಜನ ಬಂದಿತ್ತು. ಟಿಬೆಟಿನವರು. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಗಡಿ ದಾಟಿದರು, ಹಿಂದೆ ಸಾವಿರಾರು ಜನ. ಇವರಿಗೆ ಜಾಗ ಕೊಡಿ ಅಂತ ನೆಹರೂ ರಾಜ್ಯಗಳಿಗೆ ಪತ್ರ ಬರೆದರು. ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3 ಸಾವಿರ ಎಕರೆ ಕೊಟ್ಟಿತು. ದಲೈ ಲಾಮಾ ಎಲ್ಲೇ ಮಾತಾಡಿದರೂ ಇದಕ್ಕೆ ಒಬ್ಬರ ಹೆಸರು ಹೇಳುತ್ತಾರೆ, ನಮ್ಮ ಚಿತ್ರದುರ್ಗದ ವಕೀಲರು ಎಸ್. ನಿಜಲಿಂಗಪ್ಪ. 2011ರಲ್ಲಿ ಸೀಬಾರದಲ್ಲಿ ನಿಜಲಿಂಗಪ್ಪನವರ ಸ್ಮಾರಕದ ಉದ್ಘಾಟನೆಗೆ ದುರ್ಗಕ್ಕೇ ಬಂದಿದ್ದರು.

ಇಲ್ಲೊಂದು ಸಣ್ಣ ತಕರಾರು ದಾಖಲಿಸಬೇಕು. ಬೈಲಕುಪ್ಪೆಗೆ ಮೊದಲ ತಂಡ ಬಂದ 1960-61ರಲ್ಲಿ ಮುಖ್ಯಮಂತ್ರಿ ಆಗಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪ 1958ರಲ್ಲೇ ಕುರ್ಚಿ ಬಿಟ್ಟಿದ್ದರು. 1962ರಲ್ಲಿ ವಿಧಾನಸಭೆಗೆ ನಿಂತಾಗ ಹೊಸದುರ್ಗದ ಮತದಾರ ಅವರನ್ನ ಸೋಲಿಸಿಯೇಬಿಟ್ಟ! ಆಮೇಲೆ ಬಾಗಲಕೋಟೆಯಿಂದ ಆಯ್ಕೆಯಾಗಿ ಮತ್ತೆ ಮುಖ್ಯಮಂತ್ರಿಯಾದರು. ಮುಂಡಗೋಡದ ಟಿಬೆಟನ್ ವಸತಿ 1966ರಲ್ಲಿ ಶುರುವಾಗಿದ್ದು ಮಾತ್ರ ಅವರ ಕಾಲದಲ್ಲೇ. ಜತ್ತಿಯವರ ಹೆಸರನ್ನ ನಾವು ಮರೆತಿದ್ದೇವೆ, ಅದು ನ್ಯಾಯವಲ್ಲ. ಅದಿರಲಿ.

ನನಗೆ ಇಲ್ಲಿ ಬೇಕಾದ ವಿಷಯ ಬೇರೆ. ಟಿಬೆಟಿನವರಿಗೆ ಬಾಗಿಲು ತೆಗೆದಿದ್ದು ಸರ್ಕಾರ. ಯಾರು ಬಂದರು, ಎಷ್ಟು ಬಂದರು, ಯಾವ ಕ್ಯಾಂಪ್‌ನಲ್ಲಿದ್ದಾರೆ ಅಂತ ರಿಜಿಸ್ಟರ್ ಇತ್ತು, ಈಗಲೂ ಇದೆ. ಜಮೀನು ರಾಜ್ಯದ್ದು, ಪುನರ್ವಸತಿಯ ಹೊಣೆ ಕೇಂದ್ರದ್ದು, ಹೊರದೇಶದ ಸಂಸ್ಥೆಗಳ ನೆರವೂ ಬಂತು. ರಾಯಚೂರು ಜಿಲ್ಲೆ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಿಗೆ ಬಂದ ಪೂರ್ವ ಬಂಗಾಳದ ಕುಟುಂಬಗಳೂ ಅಷ್ಟೆ, ಸರ್ಕಾರವೇ ಕರೆತಂದು ಕೂರಿಸಿದ್ದು. ಅವರಲ್ಲಿ ಕೆಲವರಿಗೆ ಪೌರತ್ವದ ಪತ್ರ ಕೈಗೆ ಬಂದಿದ್ದು 2024ರಲ್ಲಿ, ಅದು ಇನ್ನೊಂದು ದಿನದ ಚರ್ಚೆ. ಖರ್ಚು ಆಯ್ತಾ? ಆಯ್ತು. ಗೊತ್ತಿದ್ದೇ ಆಯ್ತು.

ಹೊಳಲ್ಕೆರೆ ರಸ್ತೆಯಲ್ಲಿ ಸಿಕ್ಕ ಆರು ಜನರ ವಿಷಯಕ್ಕೆ ಬನ್ನಿ. ಇವರಿಗೆ ಬಾಗಿಲು ತೆಗೆದವರು ಯಾರೂ ಇಲ್ಲ, ರಿಜಿಸ್ಟರೂ ಇಲ್ಲ. ಬಾಗಿಲಿನ ಬೀಗ ಯಾರ ಹತ್ತಿರ ಇದೆ? ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ಪೌರತ್ವ ಮತ್ತು ವಿದೇಶೀಯರು, ಕೇಂದ್ರ ಪಟ್ಟಿಯ 17ನೇ ಬಾಬ್ತು. ದೇಶದೊಳಕ್ಕೆ ಬಿಡುವುದು, ಹೊರಗೆ ಹಾಕುವುದು, ಪಾಸ್‌ಪೋರ್ಟ್, ವೀಸಾ, 19ನೇ ಬಾಬ್ತು. ಗಡಿ ಕಾಯುವ ಬಿಎಸ್‌ಎಫ್ ಕೇಂದ್ರದ್ದು. ಆದರೆ ಪೊಲೀಸ್ ಮತ್ತು ಜೈಲು? ರಾಜ್ಯ ಪಟ್ಟಿ. 1958ರಲ್ಲಿ ಕೇಂದ್ರ ಸರ್ಕಾರ ವಿದೇಶೀಯರನ್ನು ಪತ್ತೆ ಮಾಡಿ ಹೊರಗೆ ಕಳಿಸುವ ಅಧಿಕಾರವನ್ನು 258ನೇ ವಿಧಿಯಡಿ ರಾಜ್ಯಗಳಿಗೂ ವಹಿಸಿತು. ಅಧಿಕಾರ ಬಂತು, ಅದರ ಜೊತೆಗೆ ಕೆಲಸವೂ ಬಂತು. ಮನೆ ಮಾಲೀಕನೇ ಗೇಟಿನ ಬೀಗ ಇಟ್ಟುಕೊಂಡಿದ್ದಾನೆ, ಒಳಗೆ ಬಂದವನನ್ನ ಹಿಡಿದು ಊಟ ಹಾಕಿ ವಾಪಸ್ ಬಿಟ್ಟು ಬರೋ ಖರ್ಚು ಬಾಡಿಗೆದಾರನದು. ಹೆಚ್ಚೂಕಮ್ಮಿ ಇದೇ ನಮ್ಮ ಪರಿಸ್ಥಿತಿ.

ಒಂದು ಕೇಸು ಹೇಗೆ ಸಾಗುತ್ತೆ ಅಂತ ಬಿಡಿಸಿ ಹೇಳ್ತೀನಿ, ಯಾಕೆಂದರೆ ನಮ್ಮ ಡಿಬೇಟ್‌ಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಒಬ್ಬ ಸಿಕ್ಕಿಬಿದ್ದ ಅಂದುಕೊಳ್ಳಿ. ಠಾಣೆಯಲ್ಲಿ ಎಫ್‌ಐಆರ್. ಅವನ ಆಧಾರ್ ಅಸಲಿಯೋ ನಕಲಿಯೋ ಅಂತ ಪತ್ತೆ ಮಾಡಲು ಪೊಲೀಸರ ತಂಡ ಪಶ್ಚಿಮ ಬಂಗಾಳಕ್ಕೆ ಹೋಗಿ ಬರಬೇಕು. ಟಿಎ, ಡಿಎ ರಾಜ್ಯದ್ದು. ಕೋರ್ಟ್‌ನಲ್ಲಿ ವಾದಿಸುವ ಸರ್ಕಾರಿ ವಕೀಲರು, ಆರೋಪಿಗೆ ಬಂಗಾಳಿ ಬಿಟ್ಟು ಬೇರೆ ಭಾಷೆ ಬರದಿದ್ದರೆ ದುಭಾಷಿ, ವಕೀಲರಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದಿಂದ ಒಬ್ಬರು. ವಿಚಾರಣೆ ಮುಗಿಯುವವರೆಗೆ ಜೈಲಿನ ಊಟ, ವೈದ್ಯರು, ಕಾವಲು. ಜಾಮೀನು ಸಿಕ್ಕಿತು ಅನ್ನಿ, ಆಗ ಇನ್ನೊಂದು ಪೇಚು. ದೇಶದಲ್ಲಿ ಇರುವುದೇ ಅಪರಾಧ ಆದವನನ್ನು ರಸ್ತೆಗೆ ಬಿಡೋದು ಹೇಗೆ? 2020ರ ಮೇ ತಿಂಗಳಲ್ಲಿ ನಮ್ಮ ಹೈಕೋರ್ಟ್ ಇಂಥದ್ದೇ ಜಾಮೀನು ಪ್ರಕರಣದಲ್ಲಿ, ಯಾವ ಹಂತದಲ್ಲಿ ಜೈಲು, ಯಾವ ಹಂತದಲ್ಲಿ ಡಿಟೆನ್ಶನ್ ಸೆಂಟರ್ ಅಂತ ವಿವರವಾಗಿ ಮಾರ್ಗಸೂಚಿ ಬರೆಯಬೇಕಾಯಿತು. ಆ ಸೆಂಟರ್ ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿದೆ. ಮೊದಲು ಅದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕಟ್ಟಡ. ಬಡ ಮಕ್ಕಳ ಹಾಸ್ಟೆಲಿಗೆ ಅಂತ ಕಟ್ಟಿದ ಗೋಡೆಯ ಮೇಲೆ ಮುಳ್ಳುತಂತಿ ಬಂತು. ಈ ಕಟ್ಟಡದ ಬಾಡಿಗೆ ಯಾರ ಲೆಕ್ಕಕ್ಕೆ ಬರೆಯೋಣ ಹೇಳಿ?

ಶಿಕ್ಷೆ ಮುಗಿಯಿತು ಅಂದಾಕ್ಷಣ ಕಳಿಸಿಬಿಡೋ ಹಾಗೂ ಇಲ್ಲ. ಇವನು ನಮ್ಮವನು ಅಂತ ಬಾಂಗ್ಲಾದೇಶ ಒಪ್ಪಬೇಕು. ಹೈಕಮಿಷನ್‌ಗೆ ಪತ್ರ, ಅಲ್ಲಿಂದ ಊರಿನ ವಿಳಾಸದ ಪರಿಶೀಲನೆ. ತಿಂಗಳುಗಳು ಹೋಗುತ್ತವೆ, ಕೆಲವು ಸಲ ವರ್ಷಗಳು. ಅಷ್ಟೂ ದಿನ ಊಟ ನಮ್ಮದೇ. ಈ ದಾರಿ ಬಿಟ್ಟು ಅಡ್ಡದಾರಿ ಹಿಡಿದ ಉದಾಹರಣೆಯೂ ಇದೆ. 2019ರ ಅಕ್ಟೋಬರ್‌ನಲ್ಲಿ ಬೆಂಗಳೂರು ಪೊಲೀಸರು ಹಿಡಿದವರ ಪೈಕಿ 59 ಮಂದಿಯನ್ನು ಮುಂದಿನ ತಿಂಗಳು ರೈಲು ಹತ್ತಿಸಿ, ಬೆಂಗಾವಲು ಕೊಟ್ಟು ಹೌರಾವರೆಗೆ ಕರೆದುಕೊಂಡು ಹೋದರು. ಅವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಸುಮಾರು 2 ಸಾವಿರ ಕಿಲೋಮೀಟರ್ ಪ್ರಯಾಣ.

ಇಷ್ಟೂ ಖರ್ಚು ನಿಜ. ಇದು ತೆರಿಗೆದಾರನ ಮೇಲೆ ಹೊರೆ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಇದನ್ನು ಕೇಳಿದವರನ್ನೆಲ್ಲ ಮನುಷ್ಯತ್ವ ಇಲ್ಲದವರು ಅಂತ ಬಾಯಿ ಮುಚ್ಚಿಸುವುದು ತಪ್ಪು. ಆದರೆ ಸಾವಿರಾರು ಕೋಟಿ ಅಂದವರ ಬಾಯಲ್ಲಿ ಈ ಒಂದು ಬಾಬ್ತೂ ಬರಲಿಲ್ಲ ಅನ್ನೋದೂ ಅಷ್ಟೇ ನಿಜ. ತಲೆ ಎಣಿಸಿ, ತಲೆಗೆ ಇಷ್ಟು ಅಂತ ಗುಣಿಸಿಬಿಡೋದು. ಆ ತಲೆ ಎಣಿಕೆಯೇ ಎಂಥದ್ದು ನೋಡಿ. 2004ರ ಜುಲೈನಲ್ಲಿ ಕೇಂದ್ರ ಗೃಹ ಖಾತೆಯ ರಾಜ್ಯ ಸಚಿವರಾಗಿದ್ದ ಶ್ರೀಪ್ರಕಾಶ್ ಜೈಸ್ವಾಲ್ ಸಂಸತ್ತಿನಲ್ಲಿ, ಅಕ್ರಮ ಬಾಂಗ್ಲಾದೇಶಿಗಳು 1 ಕೋಟಿ 20 ಲಕ್ಷ ಚಿಲ್ಲರೆ ಅಂತ ಉತ್ತರ ಕೊಟ್ಟರು. ಕೆಲವೇ ದಿನಗಳಲ್ಲಿ ಆ ಅಂಕಿ ನಂಬಿಕೆಗೆ ಅರ್ಹವಲ್ಲ, ಅವರಿವರು ಹೇಳಿದ್ದನ್ನು ಕೇಳಿ ಬರೆದದ್ದು ಅಂತ ಅವರೇ ಹಿಂದೆಗೆದುಕೊಂಡರು. 2016ರ ನವೆಂಬರ್‌ನಲ್ಲಿ ಅದೇ ಖಾತೆಯ ಕಿರಣ್ ರಿಜಿಜು ರಾಜ್ಯಸಭೆಯಲ್ಲಿ ಸುಮಾರು 2 ಕೋಟಿ ಅಂದರು. ಕಾಂಗ್ರೆಸ್ ಸರ್ಕಾರದ್ದು ಒಂದು, ಬಿಜೆಪಿ ಸರ್ಕಾರದ್ದು ಒಂದು. ನುಸುಳಿಕೊಂಡು ಬಂದವರು ಜನಗಣತಿಯವರ ಮುಂದೆ ನಿಂತು ಕೈ ಎತ್ತುವುದಿಲ್ಲ, ಸರಿ. ಆದರೆ ಹಿಡಿದವರನ್ನು ಎಣಿಸಬಹುದಲ್ಲ? ಅವರ ಮೇಲೆ ಆದ ಖರ್ಚನ್ನು ಕೂಡಬಹುದಲ್ಲ?

ಇನ್ನು ಲೆಕ್ಕದ ಪುಸ್ತಕದ ಎಡಗಡೆ, ಜಮಾ. ಜಿಎಸ್‌ಟಿ ಬಂದಿದ್ದು 2017ರಲ್ಲಿ. ಸೋಪು ಕೊಂಡರೂ, ಚಪ್ಪಲಿ ಕೊಂಡರೂ ಅಂಗಡಿಯವನು ನಿಮ್ಮ ಪೌರತ್ವ ಕೇಳುವುದಿಲ್ಲ, ತೆರಿಗೆ ಮಾತ್ರ ಹಿಡಿಯುತ್ತಾನೆ. ಅದರಲ್ಲಿ ಅರ್ಧ ರಾಜ್ಯಕ್ಕೆ. ಒಂದು ಕ್ವಾರ್ಟರ್ ಕುಡಿದರೆ ಅಬಕಾರಿ ಸುಂಕ ಪೂರ್ತಿ ರಾಜ್ಯಕ್ಕೇ. ಇದನ್ನೂ ಬರೆಯಬೇಕು. ನಕಲಿ ಕಾರ್ಡ್ ತೋರಿಸಿ ರೇಷನ್ ತಗೊಂಡಿದ್ದರೆ ಅದನ್ನು ಬಲಗಡೆ ಬರೆಯಬೇಕು. ಅದೂ ಊಹೆ ಆಗಬಾರದು, ಎಷ್ಟು ನಕಲಿ ಕಾರ್ಡ್ ಸಿಕ್ಕವು, ಅದರ ಮೇಲೆ ಎಷ್ಟು ಅಕ್ಕಿ ಹೋಯಿತು ಅಂತ ತೆಗೆದರೆ ಸಿಗುವ ಲೆಕ್ಕ.

ಯಾವ ಪುಸ್ತಕಕ್ಕೂ ಬಾರದ ಒಂದು ಖರ್ಚಿದೆ. ಅದನ್ನು ನನಗೆ ಹೇಳಿದವರು ಹಿರಿಯೂರಿನ ಒಬ್ಬ ಗಾರೆ ಕೆಲಸದವರು. ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ಸಿಕ್ಕಿದ್ದರು. ‘ಅಣ್ಣಾ, ಅವ್ರು ಯಾವ ದೇಶದವ್ರೋ ನಂಗೊತ್ತಿಲ್ಲ. ಮೇಸ್ತ್ರಿ ಕಮ್ಮಿ ಕೂಲಿಗೆ ಕರ್ಕೊಂಡ್ ಬರ್ತಾನೆ. ಅಲ್ಲೇ ಶೆಡ್ ಹಾಕಿ ಮಲಗಿಸ್ತಾನೆ. ನಾನು ಸಂಜೆ ಮನೆಗೆ ಹೋಗ್ಬೇಕು ಅಂತೀನಿ, ಅವ್ರು ಅನ್ನಲ್ಲ.’ ಇದರಲ್ಲಿ ಲಾಭ ಯಾರಿಗೆ? ಕಾಗದವಿಲ್ಲದವನು ಪಿಎಫ್ ಕೇಳುವುದಿಲ್ಲ, ಗಾಯವಾದರೆ ಕೇಸು ಹಾಕುವುದಿಲ್ಲ, ಸಂಬಳ ಕೊಡದಿದ್ದರೂ ಠಾಣೆಗೆ ಹೋಗುವುದಿಲ್ಲ. ಲಾಭ ಗುತ್ತಿಗೆದಾರನ ಜೇಬಿಗೆ. ಸಿಕ್ಕಿಬಿದ್ದ ದಿನ ಖರ್ಚು ಸರ್ಕಾರದ ತಲೆಗೆ. ನಾನು ಮಾಡಿದ ಇಷ್ಟು ಡಿಬೇಟ್‌ಗಳಲ್ಲಿ ಒಮ್ಮೆಯಾದರೂ ಆ ಗುತ್ತಿಗೆದಾರನನ್ನು ಕರೆದು ಕೂರಿಸಿದ್ದೇನಾ? ಇಲ್ಲ.

ತಪ್ಪು ಗುರುತಿನ ಬೆಲೆಯೂ ಇದೆ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಪಕ್ಕದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರ ಶೆಡ್‌ಗಳು ಅಂತ ಹೇಳಿ ಜೆಸಿಬಿ ಹತ್ತಿಸಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು. ನಮ್ಮದೇ ಉತ್ತರ ಕರ್ನಾಟಕದಿಂದ ಗುಳೆ ಬಂದವರಿದ್ದರು! ಹೈಕೋರ್ಟ್ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡು ಪುನರ್ವಸತಿಯ ಮಾತೆತ್ತಿತು. ಒಡೆದ ಖರ್ಚೂ ನಮ್ಮದು, ಪರಿಹಾರದ ಖರ್ಚೂ ನಮ್ಮದು. ಹೊಳಲ್ಕೆರೆ, ಚನ್ನಗಿರಿ ಕಡೆ ಅಡಿಕೆ ಸುಲಿಯಲು, ಬೇಯಿಸಲು ಬರುವ ಮುರ್ಷಿದಾಬಾದಿನ ಹುಡುಗನೂ ಬಂಗಾಳಿಯನ್ನೇ ಮಾತಾಡುತ್ತಾನೆ. ಅವನು ನಿಮ್ಮ ನನ್ನ ಹಾಗೆ ಈ ದೇಶದ ಪ್ರಜೆ. ಅಸ್ಸಾಂನಲ್ಲಿ ಎಲ್ಲರನ್ನೂ ಜರಡಿ ಹಿಡಿಯಲು ಹೋಗಿ ಎನ್‌ಆರ್‌ಸಿಗೆ 288 ಕೋಟಿ ಅಂತ ಹಾಕಿದ ಅಂದಾಜು 1,602 ಕೋಟಿಗೆ ಏರಿತು ಅಂತ ಸಿಎಜಿ ವರದಿಯೇ ಹೇಳಿದೆ. 2019ರ ಆಗಸ್ಟ್‌ನಲ್ಲಿ 19 ಲಕ್ಷ ಜನರ ಹೆಸರು ಪಟ್ಟಿಯಿಂದ ಹೊರಗುಳಿಯಿತು, ಆ ಪಟ್ಟಿಯನ್ನು ಒಪ್ಪುವವರು ಮಾತ್ರ ಯಾವ ಪಕ್ಷದಲ್ಲೂ ಕಾಣುತ್ತಿಲ್ಲ.

ಈ ಬಿಲ್ಲಿನ ಜಗಳ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ 1994ರಲ್ಲಿ ಕ್ಯಾಲಿಫೋರ್ನಿಯಾ, ಫ್ಲೋರಿಡಾ, ಟೆಕ್ಸಾಸ್ ಸೇರಿ ಹಲವು ರಾಜ್ಯಗಳು ವಾಷಿಂಗ್ಟನ್ ಸರ್ಕಾರದ ಮೇಲೆಯೇ ಕೋರ್ಟಿಗೆ ಹೋದವು. ಗಡಿ ನಿನ್ನದು, ಶಾಲೆ, ಆಸ್ಪತ್ರೆ, ಜೈಲಿನ ಖರ್ಚು ಮಾತ್ರ ನಮ್ಮದಾ ಅಂತ. ಕೋರ್ಟುಗಳು ಇದು ರಾಜಕೀಯ ಪ್ರಶ್ನೆ, ನಮ್ಮ ಕೈಲಿಲ್ಲ ಅಂತ ವಾಪಸ್ ಕಳಿಸಿದವು. ಆದರೂ ಆ ಜಗಳದ ಕಾಲದಲ್ಲೇ ಒಂದು ಕೆಲಸ ಆಯಿತು. ಅಕ್ರಮ ವಲಸಿಗ ಕೈದಿಗಳ ಜೈಲು ಖರ್ಚಿನಲ್ಲಿ ಒಂದು ಭಾಗವನ್ನು ಕೇಂದ್ರವೇ ರಾಜ್ಯಗಳಿಗೆ ತುಂಬಿಕೊಡುವ ಯೋಜನೆ ಬಂತು. ಪೂರ್ತಿ ಅಲ್ಲ, ಒಂದು ಭಾಗ. ಅದನ್ನು ಪಡೆಯಬೇಕಾದರೆ ರಾಜ್ಯ ಏನು ಕೊಡಬೇಕು? ಲೆಕ್ಕ. ಎಷ್ಟು ಕೈದಿ, ಎಷ್ಟು ದಿನ. ಅಲ್ಲಿನ ರಾಜ್ಯಗಳು ಎಣಿಸೋದು ಕಲಿತಿದ್ದು ದುಡ್ಡು ಬರುತ್ತೆ ಅಂತಾದಾಗ.

2025ರ ಸೆಪ್ಟೆಂಬರ್ 1ರಿಂದ ನಮ್ಮಲ್ಲಿ 1946ರ ವಿದೇಶೀಯರ ಕಾಯ್ದೆ ಹೋಗಿ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ಜಾರಿಗೆ ಬಂದಿದೆ. ಪಾಸ್‌ಪೋರ್ಟ್ ಇಲ್ಲದೆ ಒಳಗೆ ಬಂದರೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ನಕಲಿ ಪಾಸ್‌ಪೋರ್ಟ್, ವೀಸಾಕ್ಕೆ ಕನಿಷ್ಠ 2 ವರ್ಷ, 7 ವರ್ಷದವರೆಗೂ ಹೋಗಬಹುದು. ಶಿಕ್ಷೆ ಬಿಗಿಯಾಗಿದೆ, ಒಳ್ಳೆಯದು ಅನ್ನೋರು ಅನ್ನಲಿ. ದಿನಕ್ಕೆ ಕೂಲಿ ಎಣಿಸುವವನು 5 ಲಕ್ಷ ಎಲ್ಲಿಂದ ಕಟ್ಟುತ್ತಾನೆ? ಜೈಲಿಗೇ ಹೋಗುತ್ತಾನೆ. ಆ ಜೈಲು ಯಾವ ಪಟ್ಟಿಯಲ್ಲಿತ್ತು ಅಂತ ಆಗಲೇ ಹೇಳಿದ್ದೀನಿ.

ಹೊಸದುರ್ಗದ ಆ ಹಿರಿಯರು ಫೋನ್ ಮಾಡಿದ ದಿನವೇ ರಾತ್ರಿ, ಡಿಬೇಟ್ ಶುರುವಾಗುವ ಮುಂಚೆ ಅರ್ಧ ನಿಮಿಷ ತಗೊಂಡು ಹೇಳಿದೆ: ನಿನ್ನೆ ನಾನು ಹೇಳಿದ ಅಂಕಿಗೆ ನನ್ನ ಹತ್ತಿರ ಆಧಾರ ಇಲ್ಲ, ಅದನ್ನು ವಾಪಸ್ ತಗೊಳ್ತೀನಿ. ಪ್ರೊಡ್ಯೂಸರ್ ಮುಖ ಸಣ್ಣಗಾಯಿತು. ಹಿರಿಯರು ವಾಟ್ಸ್ಆಪ್‌ನಲ್ಲಿ ಆ ಹಳೇ ಸ್ಟಾಂಪಿನ ಫೋಟೊ ಕಳಿಸಿದರು, ಜೊತೆಗೆ ಒಂದಕ್ಷರವೂ ಬರೆದಿರಲಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ನಾಲ್ಕು ಕ್ಷೇತ್ರ, ನಾಲ್ಕು ಶಾಸಕರು. ಮುಂದಿನ ಅಧಿವೇಶನದಲ್ಲಿ ಇವರಲ್ಲಿ ಯಾರಾದರೊಬ್ಬರು ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಲಿ. ಕಳೆದ ಹತ್ತು ವರ್ಷದಲ್ಲಿ ರಾಜ್ಯದಲ್ಲಿ ಎಷ್ಟು ಮಂದಿ ಅಕ್ರಮ ವಲಸಿಗರನ್ನು ಹಿಡಿದಿರಿ, ಎಷ್ಟು ಮಂದಿಯನ್ನು ಕಳಿಸಿದಿರಿ? ತನಿಖೆಗೆ, ಜೈಲಿಗೆ, ಸೊಂಡೆಕೊಪ್ಪಕ್ಕೆ, ಬೆಂಗಾವಲಿಗೆ ಆದ ಖರ್ಚೆಷ್ಟು? ಅದರಲ್ಲಿ ಕೇಂದ್ರದಿಂದ ಕೇಳಿದ್ದೆಷ್ಟು, ಬಂದಿದ್ದೆಷ್ಟು? ಅವರನ್ನು ಕೆಲಸಕ್ಕಿಟ್ಟುಕೊಂಡ ಎಷ್ಟು ಗುತ್ತಿಗೆದಾರರ ಮೇಲೆ ಕೇಸು ಹಾಕಿದಿರಿ? ಉತ್ತರ ಬಂದ ರಾತ್ರಿ ಅದನ್ನು ನಾನು ಪೂರ್ತಿ ಓದುತ್ತೇನೆ, ಅಂಕಿ ಎಷ್ಟೇ ಸಣ್ಣದಿರಲಿ, ಎಷ್ಟೇ ದೊಡ್ಡದಿರಲಿ.